ಟಾರ್ಚಕ್ಕ ನೋಡದ ಮೊದಲರ್ಧ

ಸಿನಿಮಾ ಮಂದಿರದಲ್ಲಿ ಕೆಲಸಕ್ಕಿರುವವರು ದಿನವೂ ಪುಕ್ಕಟೆ ಸಿನಿಮಾ ನೋಡುತ್ತಾರೆ ಅನ್ನುವುದು ಹೊರಗಿನವರ ಮಾತು. ಟಾರ್ಚಕ್ಕ ಅಲ್ಲಿ ಕೂದಲು ಬೆಳ್ಳಗಾಗುವಷ್ಟು ವರ್ಷ ದುಡಿದರೂ ಒಂದೇ ಒಂದು ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ. ಅವಳು ನೋಡಿದ್ದೆಲ್ಲ ಬರೀ ಕೊನೆಗಳು.

ಅವಳ ಕೆಲಸವೇ ಹಾಗಿತ್ತು. ಬಾಗಿಲಲ್ಲಿ ನಿಂತು ಟಿಕೆಟ್ ಅರ್ಧ ಹರಿದು ಕೊಡುವುದು, ತಡವಾಗಿ ಬಂದವರಿಗೆ ಟಾರ್ಚ್ ಬಿಟ್ಟು ಸಾಲು ತೋರಿಸುವುದು. ಸಿನಿಮಾ ಶುರುವಾಯಿತೆಂದರೆ ಬಾಗಿಲೆಳೆದುಕೊಂಡು ಹೊರಗೆ ಬರಬೇಕು. ಮೊಗಸಾಲೆ ಗುಡಿಸಬೇಕು, ಪಾಯಖಾನೆಗೆ ನೀರು ಹೊಡೆಯಬೇಕು, ಕುಡಿಯುವ ನೀರಿನ ಡ್ರಮ್ಮು ತುಂಬಿಸಬೇಕು. ಇಂಟರ್‌ವಲ್ ಆದಮೇಲೆ ಮತ್ತೆ ಅದೇ ಗುಡಿಸು, ಅದೇ ತೊಳೆ. ಇನ್ನೇನು ಮುಗಿಯುತ್ತದೆ ಅನ್ನುವಾಗ ಪಕ್ಕದ ಬಾಗಿಲಿಂದ ಬೆಕ್ಕಿನ ಹಾಗೆ ಒಳಗೆ ಜಾರಿ, ದಪ್ಪ ಪರದೆಯ ಮರೆಯಲ್ಲಿ ನಿಲ್ಲಬೇಕು. ಕೊನೆಯ ದೃಶ್ಯ ಕಪ್ಪಾದ ಕೂಡಲೇ ಗೋಡೆಯ ಮೇಲಿನ ಸ್ವಿಚ್ಚು ಒತ್ತಿ ದೀಪ ಹಾಕಿ ಬಾಗಿಲು ತೆರೆಯಬೇಕು.

ಹಾಗಾಗಿ ಯಾರು ಸತ್ತರು, ಯಾರು ಕೂಡಿಕೊಂಡರು ಎಲ್ಲ ಅವಳಿಗೆ ಗೊತ್ತು. ಯಾಕೆ ಅನ್ನುವುದು ಮಾತ್ರ ಗೊತ್ತಿಲ್ಲ. ನೆರೆಮನೆಯವಳು, "ಹೊಸ ಸಿನಿಮಾ ಹೇಗಿದೆಯೇ?" ಎಂದು ಕೇಳಿದರೆ, "ಚೆನ್ನಾಗಿದೆ, ಕೊನೆಗೆ ಒಂದಾಗ್ತಾರೆ" ಅನ್ನುತ್ತಿದ್ದಳು.

"ಯಾರು ಯಾರು?"

"ಯಾರೋ ಇಬ್ರು."

ಮನೆಯಲ್ಲಿ ಈಗ ಅವಳು ಮತ್ತು ಅವಳ ತಮ್ಮ. ತಾಯಿ ಹೋದಾಗ ಅವನು ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳಲೂ ಬಾರದ ಕೂಸು. ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದಳು. ತಾನು ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ, ಬೇರೆಲ್ಲಿಗೆ ಹೋಗುವುದೆಂದು ತಮ್ಮನ ಜೊತೆಗೇ ಇದ್ದುಬಿಟ್ಟಳು. ತಮ್ಮನದು ಕುಶನ್ ಕೆಲಸ. ಸೋಫಾ, ಕುರ್ಚಿ, ಗಾಡಿಯ ಸೀಟು, ಏನೇ ಕೊಡಿ, ಹಳೆ ರೆಕ್ಸಿನ್ ಕಿತ್ತು, ಒಳಗಿನ ಸ್ಪಂಜು ಬದಲಿಸಿ, ಡೊಂಕು ಸೂಜಿಯಲ್ಲಿ ಹೊಲಿಗೆ ಹಾಕಿದನೆಂದರೆ ಅಂಗಡಿಯಿಂದ ಆಗಷ್ಟೇ ತಂದಂತೆ ಕಾಣುತ್ತಿತ್ತು. ಊರಲ್ಲೆಲ್ಲ ಅವನನ್ನು ಕುಶನ್ನು ಎಂದೇ ಕರೆಯುತ್ತಿದ್ದರು. ಅಕ್ಕ ಕೆಲಸ ಮಾಡುವ ಮಂದಿರದ ಸೀಟುಗಳೆಲ್ಲ ಒಂದು ಕಾಲಕ್ಕೆ ಅವನ ಕೈಯಿಂದಲೇ ಎದ್ದವು. ತಾನು ಮುಗಿಸಿದ ಪ್ರತಿ ಸೀಟಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ನೀಲಿ ದಾರದಲ್ಲಿ ಒಂದು ಅಡ್ಡ ಹೊಲಿಗೆ ಹಾಕುವುದು ಅವನ ರೂಢಿ. ಯಾಕೋ ಎಂದರೆ, "ನಾನು ಹೋದ್ಮೇಲೆ ಯಾರಾದ್ರೂ ಬಿಚ್ಚಿದ್ರೆ ಬೈಕೊಳ್ಳೋಕೆ ಗುರುತು ಬೇಡ್ವಾ?" ಎಂದು ನಗುತ್ತಿದ್ದ.

ಅವನು ಕುಡಿಯಲು ಕಲಿತದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಲಿತಾಗ ಅದು ಕುಡಿತದ ಹಾಗೆ ಕಾಣಲೇ ಇಲ್ಲ. ಕೆಲಸ ಮುಗಿದ ಸಂಜೆ, ನಾಲ್ಕು ಜನ ಗೆಳೆಯರು, ಒಂದಿಷ್ಟು ನಗು. ಕಂಡಾಗ ಕಾಲ ಮೀರಿತ್ತು. ಅವನ ಹೆಂಡತಿ ಒಂದು ದಿನ ಮಗಳ ಕೈ ಹಿಡಿದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕೆಲಸ ಕೊಡುವವರು ಒಬ್ಬೊಬ್ಬರಾಗಿ ದೂರವಾದರು.

ಮೊದಮೊದಲು ಅಕ್ಕ ಅತ್ತಳು. ಆಮೇಲೆ ಜಗಳ ಮಾಡಿದಳು. ಬಾಟಲಿ ಕಂಡರೆ ಚೆಲ್ಲಿದಳು, ಕಾಲು ಹಿಡಿದಳು, ಮಾತು ಬಿಟ್ಟಳು, ಉಪವಾಸ ಕೂತಳು. ಎಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ಕಿವುಚಿದ ಹಾಗಾಯಿತು. ಯಾವತ್ತೋ ಒಂದು ದಿನ ಅಳು ನಿಂತಿತು. ಬಾವಿ ಬತ್ತಿದ್ದು ಕೊಡ ಇಳಿಬಿಟ್ಟಾಗಲೇ ಗೊತ್ತಾಗುವ ಹಾಗೆ, ಅವಳಿಗೂ ಅದು ತಡವಾಗಿಯೇ ಗೊತ್ತಾಯಿತು. ಈಗ ತಮ್ಮ ಹೊಸ್ತಿಲ ಮೇಲೆ ಬಿದ್ದಿದ್ದರೆ ಕಂಕುಳಿಗೆ ಕೈ ಹಾಕಿ, ಮಂದಿರದ ನೀರಿನ ಡ್ರಮ್ಮು ಎಳೆಯುವಷ್ಟೇ ಮನಸ್ಸಿಟ್ಟು ಒಳಗೆಳೆಯುತ್ತಿದ್ದಳು. ವಾಂತಿ ಮಾಡಿದ್ದರೆ ಒರೆಸುತ್ತಿದ್ದಳು. ಊಟ ಮುಚ್ಚಿಟ್ಟು ಮಲಗುತ್ತಿದ್ದಳು. ನೆರೆಮನೆಯವಳು ಒಂದು ಸಲ, "ನಿನ್ನ ಎದೆ ಕಲ್ಲಾಗಿದೆ ಕಣೇ" ಅಂದಾಗ ಟಾರ್ಚಕ್ಕ ಹೇಳಿದ್ದು ಇಷ್ಟೇ:

"ಕಲ್ಲಾದ್ರೆ ಒಳ್ಳೇದೇ ಬಿಡು. ಒರೆಸೋಕೆ ಸುಲಭ."

ಇಂಥ ಹೊತ್ತಿನಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು.

ಒಂದು, ದೊಡ್ಡಾಸ್ಪತ್ರೆಯಿಂದ ಬಂದ ಮಾತು. ಅಲ್ಲಿ ಕುಡಿತ ಬಿಡಿಸುವ ವಾರ್ಡಿದೆ. ಹಾಸಿಗೆ ಸಿಗುವುದೇ ಕಷ್ಟ. ಎಷ್ಟೋ ತಿಂಗಳ ಹಿಂದೆ ಟಾರ್ಚಕ್ಕ ಹೋಗಿ ಹೇಳಿಟ್ಟು ಬಂದಿದ್ದಳು. ಈಗ ಆ ವಾರ್ಡಿನ ನರ್ಸಮ್ಮ ಹೇಳಿ ಕಳಿಸಿದ್ದರು, ಈ ಸೋಮವಾರವಲ್ಲ, ಅದರ ಮುಂದಿನ ಸೋಮವಾರಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದು. ಆದರೆ ಅವರದೊಂದು ಕಟ್ಟುನಿಟ್ಟು.

"ಹೊತ್ಕೊಂಡು ಬಂದು ಹಾಕಿದ್ರೆ ಸೇರಿಸ್ಕೊಳ್ಳಲ್ಲಮ್ಮ. ಅವರೇ ನಡ್ಕೊಂಡು ಬಂದು, ಅವರೇ ಬಾಯ್ಬಿಟ್ಟು ಇರ್ತೀನಿ ಅನ್ಬೇಕು. ಬಲವಂತವಾಗಿ ಬಂದೋರು ಕಿಟಕಿ ಹಾರ್ತಾರೆ."

ಟಾರ್ಚಕ್ಕ ತಮ್ಮನಿಗೆ ಹೇಳಿದಳು. ಅವನು ಗೋಡೆಗೊರಗಿ ಕೂತವನು, "ನಂಗೇನಾಗಿದೆ ಅಂತ?" ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿಯೇ ಗೋಡೆಗೊರಗಿ ಕೂತಿದ್ದ.

ಎರಡನೆಯದು, ಆ ಸಿನಿಮಾ.

ಅದು ಶುಕ್ರವಾರ ತೆರೆಗೆ ಬಂತು. ಹೆಸರಾಂತ ನಟರಿಲ್ಲ, ಗೋಡೆ ಚಿತ್ರದಲ್ಲಿ ಒಂದು ಖಾಲಿ ಬೆಂಚು ಬಿಟ್ಟರೆ ಏನೂ ಇಲ್ಲ. ಜನವೂ ಅಷ್ಟಕ್ಕಷ್ಟೆ. "ಇದು ಗುರುವಾರ ದಾಟಲ್ಲ" ಎಂದು ಕ್ಯಾಂಟೀನಿನವನು ಮೊದಲ ದಿನವೇ ಭವಿಷ್ಯ ನುಡಿದ. ಮ್ಯಾಟಿನಿ ಆಟದ ಕೊನೆಗೆ ಟಾರ್ಚಕ್ಕ ಎಂದಿನಂತೆ ಒಳಗೆ ಜಾರಿ ಪರದೆಯ ಮರೆಯಲ್ಲಿ ನಿಂತಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ಕೆನ್ನೆ ಒಳಕ್ಕೆ ಹೋಗಿ, ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಕುಡುಕ ಎಂದು ಹೇಳಿಕೊಡಬೇಕಿರಲಿಲ್ಲ. ಎದುರಿಗೆ ಬಸ್ಸೊಂದು ಹೊರಡುತ್ತದೆ. ಕಿಟಕಿಯಲ್ಲಿ ಅವನ ಹೆಂಡತಿ, ತೊಡೆಯ ಮೇಲೆ ಮಗಳು. ಮಗು ಅಪ್ಪನನ್ನು ಕಂಡು ಕೈ ಬೀಸುತ್ತದೆ. ಅವನೂ ಕೈ ಎತ್ತುತ್ತಾನೆ. ಎತ್ತಿದ ಕೈ ಅಲ್ಲಾಡುತ್ತದೆ. ಮಗುವಿಗೆ ಬೀಸಿತೋ, ಸುಮ್ಮನೆ ನಡುಗಿತೋ, ಗೊತ್ತಾಗುವುದಿಲ್ಲ. ಬಸ್ಸು ಹೋದ ಮೇಲೂ ಆ ಕೈ ಇಳಿಯುವುದಿಲ್ಲ. ಸಂಗೀತ ಇಲ್ಲ, ಮಾತಿಲ್ಲ. ಪರದೆ ಕಪ್ಪಾಯಿತು.

ಟಾರ್ಚಕ್ಕ ಟಪ್ಪೆಂದು ದೀಪ ಹಾಕಿದಳು, ಬಾಗಿಲು ತೆರೆದಳು. ಯಾರೂ ಏಳಲಿಲ್ಲ. ಬೆಳಕಿಗೆ ಸಿಕ್ಕಿಬಿದ್ದವರಂತೆ ಕಣ್ಣು ಕಿರಿದು ಮಾಡಿ ಕೂತಿದ್ದರು. ಮುಖಗಳೆಲ್ಲ ಒದ್ದೆ. ಒಬ್ಬ ದಪ್ಪಗಿನ ಮನುಷ್ಯ ಅಂಗೈಯಿಂದ ಮುಖ ಮುಚ್ಚಿಕೊಂಡು, "ದೀಪ ಆರ್ಸಮ್ಮ, ದಮ್ಮಯ್ಯ" ಅಂದ.

ಅವಳು ಆರಿಸಿದಳು. ಅವಳ ಸರ್ವೀಸಿನಲ್ಲೇ ಅದು ಮೊದಲು.

ಮೇಲಿನ ಕ್ಯಾಬಿನ್ನಿನಿಂದ ಆಪರೇಟರು ಇಣುಕಿದ. ಅವಳಷ್ಟೇ ಹಳಬ. "ಏನ್ ಟಾರ್ಚಕ್ಕ, ಫ್ಯೂಸ್ ಹೋಯ್ತಾ?"

"ಇಲ್ಲ. ಜನ ಎದ್ದೇಳ್ತಾ ಇಲ್ಲ."

"ಓಹೋ, ಹಂಗಾ. ಬಿಡು, ಅತ್ಕೊಳ್ಳಲಿ. ಅದಕ್ಕೂ ಸೇರಿಸೇ ಟಿಕೆಟ್ ತಗೊಂಡಿರ್ತಾರೆ."

ಅಂದಿನಿಂದ ಆ ಸಿನಿಮಾಕ್ಕೆ ಮಾತ್ರ ದೀಪ ತಡವಾಗಿ ಹಾಕುವುದೆಂದು ಇಬ್ಬರೂ ಮಾತಾಡಿಕೊಂಡರು. ಹೊರಗೆ ಬಂದವರೂ ಕೂಡಲೇ ಹೋಗುತ್ತಿರಲಿಲ್ಲ. ಆ ದಪ್ಪ ಮನುಷ್ಯ ಮೊಗಸಾಲೆಯ ಬೆಂಚಿನ ಮೇಲೆ ಕೂತು ಯಾರಿಗೋ ಫೋನ್ ಮಾಡಿ, "ಏನಿಲ್ಲಮ್ಮ, ಸುಮ್ನೆ ಮಾಡ್ದೆ. ಊಟ ಆಯ್ತಾ?" ಎಂದ. ಗಂಡ ಹೆಂಡತಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಕ್ಯಾಂಟೀನಿನವನು ಮುಖ ಹುಳ್ಳಗೆ ಮಾಡಿಕೊಂಡು, "ಈ ಸಿನಿಮಾ ನನ್ನ ಹೊಟ್ಟೆ ಮೇಲೆ ಹೊಡೀತು ಟಾರ್ಚಕ್ಕ. ನಗೋರು ಟೀ ಕುಡೀತಾರೆ, ಹೊಡೆದಾಟ ನೋಡಿದೋರು ಎರಡೆರಡು ಕುಡೀತಾರೆ. ಅಳೋರು ಏನೂ ಕುಡಿಯಲ್ಲ" ಅಂದ.

ಟಾರ್ಚಕ್ಕನಿಗೆ ಏನೂ ಆಗಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ದಿನವೂ ಆ ಕೈ ಎದ್ದಿತು, ದಿನವೂ ಜನ ಅತ್ತರು, ದಿನವೂ ಅವಳು ಕತ್ತಲಲ್ಲಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದಳು. ಆದರೆ ತಲೆ ಓಡುತ್ತಿತ್ತು. ಯಾರದೋ ಕಥೆ ಸಂಬಂಧವಿಲ್ಲದವರನ್ನೇ ಇಷ್ಟು ಹಿಂಡುತ್ತದಲ್ಲ, ಇದು ನನ್ನ ತಮ್ಮನದೇ ಕಥೆ. ಹೆಂಡತಿ ಹೋದದ್ದು, ಮಗಳು ಹೋದದ್ದು, ಕೈ ನಡುಗುವುದು, ಎಲ್ಲ ಅವನದೇ. ಇದನ್ನು ನೋಡಿದ ಮೇಲೂ ಅವನು ಸೋಮವಾರ ಬರುವುದಿಲ್ಲ ಅನ್ನುತ್ತಾನೆಯೇ? ನಾನು ಸಾವಿರ ಸಲ ಹೇಳಿ ಆಗದ್ದನ್ನು ಇದು ಒಂದೇ ಸಲಕ್ಕೆ ಮಾಡೀತು. ಗುರುವಾರದೊಳಗೆ ಕರೆದುಕೊಂಡು ಬರಬೇಕು.

ತಮ್ಮ ಮನುಷ್ಯನಂತಿರುವುದು ಬೆಳಗಿನ ಹೊತ್ತು. ಬುಧವಾರ ಬೆಳಿಗ್ಗೆ ಟೀ ಲೋಟ ಅವನ ಎರಡೂ ಕೈಗೆ ಹಿಡಿಸಿ ಅವಳು ಮಾತು ತೆಗೆದಳು.

"ಇವತ್ತು ಮ್ಯಾಟಿನಿಗೆ ಬಾ."

ಅವನು ಲೋಟದ ಮೇಲಿಂದ ನೋಡಿದ. "ಇಷ್ಟು ವರ್ಷದಲ್ಲಿ ಒಂದು ದಿನ ಕರೀಲಿಲ್ಲ. ಇವತ್ತೇನು, ಮುದುಕಿಗೆ ಪ್ರೀತಿ ಉಕ್ಕಿ ಬಂತಾ?"

"ಪ್ರೀತಿನೂ ಇಲ್ಲ, ಗೀತಿನೂ ಇಲ್ಲ. ನೀನು ಹೊಲಿದ ಸೀಟು ಬಿಚ್ಚಿಕೊಳ್ತಾ ಇವೆ. ಸ್ಪಂಜು ಹೊರಗೆ ಬಂದಿದೆ."

"ನನ್ನ ಹೊಲಿಗೆ ಬಿಚ್ಚಲ್ಲ."

"ಬಂದು ನೋಡು ಮತ್ತೆ."

ಬಾಣ ನೆಟ್ಟಿತು. ಅವನು ಸ್ನಾನ ಮಾಡಿದ, ಗಡ್ಡ ಕೆರೆದ, ಕೆರೆಯುವಾಗ ಗಲ್ಲಕ್ಕೆ ಒಂದು ಗಾಯ ಮಾಡಿಕೊಂಡ, ಇಸ್ತ್ರಿ ಅಂಗಿ ಹಾಕಿದ. ದಾರಿಯುದ್ದಕ್ಕೂ ಅವಳು ಅವನ ಎಡಗಡೆಗೇ ನಡೆದಳು. ಬಾಟಲಿ ಅಂಗಡಿ ಆ ಮಗ್ಗುಲಲ್ಲಿತ್ತು.

"ಏನ್ ಕುಶನ್ನು, ಮದುಮಗ ಆಗಿಬಿಟ್ಟಿದೀಯ" ಎಂದು ಕ್ಯಾಂಟೀನಿನವನು ಟೀ ಕೊಟ್ಟ. ತಮ್ಮ ಒಳಗೆ ಹೋಗಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂತವನೇ ಬಗ್ಗಿ ಅಡಿಗೆ ಕೈ ಹಾಕಿದ. ನೀಲಿ ದಾರ ಬೆರಳಿಗೆ ಸಿಕ್ಕಿತೆಂದು ಕಾಣುತ್ತದೆ, ಮುಖ ಅರಳಿತು. "ಬಿಚ್ಚಿಲ್ಲ ನೋಡು. ಸುಳ್ಳಿ" ಅಂದ. ದೀಪ ಆರಿತು. ಅವಳು ಬಾಗಿಲೆಳೆದುಕೊಂಡು ಹೊರಗೆ ಬಂದಳು.

ಆ ದಿನ ಕಸಬರಿಕೆ ಮೊಗಸಾಲೆಯಲ್ಲಿದ್ದರೂ ಕಿವಿ ಒಳಗಿತ್ತು. ಒಳಗಿಂದ ನಗು ಕೇಳಿಸಿತು. ಜನ ಗೊಳ್ಳೆಂದು ನಗುತ್ತಿದ್ದರು. ಒಂದು ಹಾಡೂ ಬಂತು, ಲೋಟಕ್ಕೆ ಲೋಟ ತಾಗಿಸಿದಂಥ ತಾಳದ್ದು. ಈ ಸಿನಿಮಾದಲ್ಲಿ ನಗುವಂಥದ್ದೇನಿದೆಯಪ್ಪಾ ಎಂದು ಅವಳಿಗೆ ಅನ್ನಿಸಿತು. ಆದರೆ ಪಾಯಖಾನೆ ಕಾದಿತ್ತು, ಹೋದಳು.

ಇಂಟರ್‌ವಲ್ಲಿನಲ್ಲಿ ತಮ್ಮ ಎಲ್ಲರಿಗಿಂತ ಮೊದಲು ಹೊರಗೆ ಬಂದ. ಹಣೆಯ ಮೇಲೆ ಬೆವರು. ತುಟಿ ಒಣಗಿತ್ತು, ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಅದನ್ನು ನೋಡಿ ಟಾರ್ಚಕ್ಕನಿಗೆ, ಬಹಳ ವರ್ಷಗಳ ಮೇಲೆ, ಒಂದು ಎಳೆಯಷ್ಟು ಸಮಾಧಾನವಾಯಿತು. ನಾಟಿದೆ ಅಂದುಕೊಂಡಳು. ಅರ್ಧಕ್ಕೇ ಇಷ್ಟು ನಾಟಿದ್ದರೆ ಇನ್ನು ಕೊನೆ ನೋಡಿದರೆ?

"ಅಕ್ಕ, ಬಂದೆ, ಒಂದ್ನಿಮಿಷ" ಅಂದು ಅವನು ಜನದ ನಡುವೆ ತೂರಿದ. ಪಾಯಖಾನೆಗಿರಬೇಕೆಂದು ಅವಳು ದಾರಿ ಬಿಟ್ಟಳು.

ಗಂಟೆ ಹೊಡೆಯಿತು. ಜನ ಒಳಗೆ ಹೋದರು. ಬಾಗಿಲ ಪಕ್ಕದ ಸೀಟಿನ ಮೇಲೆ, ಜಾಗ ಹಿಡಿಯಲು ಮಡಚಿಟ್ಟ ಕರ್ಚೀಪು ಹಾಗೇ ಇತ್ತು. ಅವಳು ಅದರ ಮೇಲೆ ಟಾರ್ಚ್ ಬಿಟ್ಟಳು. ಆರಿಸಿದಳು. ಮತ್ತೆ ಬಿಟ್ಟಳು. ಕೊನೆಗೆ ಆ ಕೈ ಎದ್ದಾಗ, ಸುತ್ತ ಜನ ಮೂಗೊರೆಸಿಕೊಳ್ಳುವಾಗ, ಕರ್ಚೀಪು ಒಂದೇ ಒಣಗಿತ್ತು.

ಬಾಟಲಿ ಅಂಗಡಿಯ ಮಗ್ಗುಲ ಮೆಟ್ಟಿಲ ಮೇಲೆ ಅವನು ಸಿಕ್ಕಿದ. ಅಮಲು ಪೂರ್ತಿ ಏರಿರಲಿಲ್ಲ, ಮಾತು ನೆಟ್ಟಗಿತ್ತು. ಅವಳನ್ನು ಕಂಡು ಅವನೇ ಶುರು ಮಾಡಿದ.

"ಅಲ್ಲಾ, ಅದನ್ನ ತೋರ್ಸೋಕೆ ಕರ್ಕೊಂಡು ಹೋದ್ಯಾ ನನ್ನ?"

"ಏನನ್ನ?"

"ಅಷ್ಟು ದೊಡ್ಡ ಪರದೆ ತುಂಬ ಒಂದು ಗ್ಲಾಸು ಅಕ್ಕ. ಆನೆ ಗಾತ್ರ. ಹೊರಗಡೆ ಹನಿಹನಿ ಬೆವರು ಕೂತಿದೆ. ಸುರೀತಾನೆ, ಗಳಗಳ ಅಂತ ಕಿವಿ ಹತ್ರ ಸುರಿದ ಹಾಗೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಆ ಗೆಳೆಯರು, ಆ ನಗು. ನಾನು ಎರಡೂ ಕೈಲಿ ಸೀಟು ಹಿಡ್ಕೊಂಡು ಕೂತಿದ್ದೆ. ನನ್ನ ಹೊಲಿಗೇನೇ ಹಿಡ್ಕೊಂಡಿದ್ದೆ. ಇಂಟರ್‌ವಲ್‌ವರೆಗೆ ಕೂತಿದ್ದೇ ಹೆಚ್ಚು."

ಟಾರ್ಚಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಅವನನ್ನು ಮನೆಯಲ್ಲಿ ಬಿಟ್ಟು ಸಂಜೆಯ ಆಟಕ್ಕೆ ಬಂದು ಆಪರೇಟರನ್ನು ಕೇಳಿದಳು.

"ಮೊದಲರ್ಧದಲ್ಲಿ ಏನಿದೆಯಣ್ಣ?"

"ಏನಿರುತ್ತೆ? ಬರೀ ಗುಂಡು ಹಾಕೋದೇ. ಕೆಡೋದು ಆಮೇಲೆ ತಾನೇ? ಮೊದಲು ಸುಖಪಡ್ತಾನೆ. ಅದನ್ನ ಎಷ್ಟು ಚಂದ ತೆಗೆದಿದಾನೆ ಅಂದ್ರೆ, ಬಾಯಿಗೆ ಹನಿ ಹಾಕದ ನನಗೇ ಗಂಟಲು ಒಣಗಿ ಚೊಂಬುಗಟ್ಟಲೆ ನೀರು ಕುಡೀತಿದೀನಿ." ಅವನು ನಗುತ್ತಾ ಇದ್ದವನು ಅವಳ ಮುಖ ನೋಡಿ ನಿಲ್ಲಿಸಿದ. "ಯಾಕೆ ಟಾರ್ಚಕ್ಕ, ನೀನು ನೋಡಿಲ್ವಾ?"

ಅವಳು ನೋಡಿರಲಿಲ್ಲ. ಹಸಿದವನನ್ನು ಅಡುಗೆಮನೆಯಲ್ಲಿ ಕೂರಿಸಿ ಉಪವಾಸದ ಪಾಠ ಹೇಳಿಸಲು ಹೋಗಿದ್ದಳು.

ಆಪರೇಟರು, "ನಾಳೆ ಕೊನೇ ದಿನ. ಮ್ಯಾಟಿನಿಗೆ ಕೂತ್ಕೊಂಡು ನೋಡು. ಟಾರ್ಚು ಕ್ಯಾಂಟೀನಿನವನ ಕೈಗೆ ಕೊಡು, ಹೆಂಗೂ ಅವನಿಗೆ ವ್ಯಾಪಾರ ಇಲ್ಲ" ಅಂದ.

ಹಾಗೆ ಗುರುವಾರ ಟಾರ್ಚಕ್ಕ ಮೊದಲ ಸಲ ಸಿನಿಮಾಕ್ಕೆ ಕೂತಳು, ತಮ್ಮ ಕೂತಿದ್ದ ಸೀಟಿನಲ್ಲೇ. ಕೂತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ಸೀಟಿನ ಅಡಿಗೆ ಹಾಕಿದಳು. ದಾರ ಸಿಕ್ಕಿತು.

ಆ ಬೆಂಚಿನ ಮೇಲಿನ ಕುಡುಕ ಮೊದಲರ್ಧದಲ್ಲಿ ಬೇರೆಯೇ ಮನುಷ್ಯ. ಕೆನ್ನೆ ತುಂಬಿದೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುದುರೆಯಾಗುತ್ತಾನೆ. ಸುಮ್ಮಸುಮ್ಮನೆ ಹೆಂಡತಿಯನ್ನು ಗೋಳು ಹೊಯ್ದುಕೊಳ್ಳುತ್ತಾನೆ. ಅವನು ನಕ್ಕರೆ ಮಂದಿರಕ್ಕೆ ಮಂದಿರವೇ ನಗುತ್ತದೆ. ಸಂಜೆ ಗೆಳೆಯರ ನಡುವೆ ಆ ಗ್ಲಾಸು ಬರುತ್ತದೆ, ಮನೆಗೆ ಬಂದ ನೆಂಟನ ಹಾಗೆ. ಎಲ್ಲರೂ ಸರಿದು ಅದಕ್ಕೆ ಜಾಗ ಮಾಡಿಕೊಡುತ್ತಾರೆ. ಟಾರ್ಚಕ್ಕನಿಗೆ ಗ್ಲಾಸು ಕಾಣಲಿಲ್ಲ, ಆ ನಗು ಕಂಡಿತು. ತನ್ನ ತಮ್ಮನೂ ಹೀಗೆ ನಗುತ್ತಿದ್ದ. ಮೊದಲ ಸಲ ಒಂದು ಸೋಫಾ ತಾನೊಬ್ಬನೇ ಮುಗಿಸಿದ ದಿನ ಅಕ್ಕನನ್ನು ಎಳೆದುಕೊಂಡು ಹೋಗಿ ಅದರ ಮೇಲೆ ಕೂರಿಸಿ, "ಮಹಾರಾಣಿಯವರೇ, ಹೇಗಿದೆ?" ಎಂದು ಕೇಳಿದ್ದ. ಅದು ನಡೆದದ್ದೇ ಅವಳಿಗೆ ಮರೆತುಹೋಗಿತ್ತು. ತಮ್ಮನನ್ನೂ ಅವಳು ಎಷ್ಟೋ ವರ್ಷದಿಂದ ಬರೀ ಕೊನೆಯ ಹತ್ತು ನಿಮಿಷದಲ್ಲೇ ನೋಡುತ್ತಿದ್ದಳು.

ಎರಡನೇ ಅರ್ಧದಲ್ಲಿ ಅವಳು ಕಾಣದ ಇನ್ನೊಂದು ದೃಶ್ಯವಿತ್ತು. ಗಂಡ ಬಾಗಿಲಲ್ಲಿ ವಾಂತಿ ಮಾಡಿ ಬಿದ್ದಿದ್ದಾನೆ. ಹೆಂಡತಿ ಬಟ್ಟೆ ತಂದು ಒರೆಸುತ್ತಾಳೆ. ಅಳುವುದಿಲ್ಲ, ಬೈಯುವುದಿಲ್ಲ. ಒರೆಸುತ್ತಾಳೆ, ಹಿಂಡುತ್ತಾಳೆ, ಮತ್ತೆ ಒರೆಸುತ್ತಾಳೆ. ಅವಳ ಮುಖವನ್ನು ಪರದೆ ತುಂಬ ತೋರಿಸಿದರು. ಆ ಮುಖದಲ್ಲಿ ಏನೂ ಇರಲಿಲ್ಲ. ಮಂದಿರದಲ್ಲಿ ಬಿಕ್ಕುವ ಸದ್ದು ಅಲ್ಲಲ್ಲಿ ಎದ್ದಿತು. ಪಕ್ಕದ ಸೀಟಿನ ಹೆಂಗಸು ಸೆರಗು ಬಾಯಿಗೊತ್ತಿಕೊಂಡು, "ಪಾಪ, ಆ ತಾಯಿ ನೋಡಿ" ಅಂದಳು.

"ಅದಕ್ಯಾಕಮ್ಮ ಅಳ್ತೀರಿ?" ಟಾರ್ಚಕ್ಕ ಕೇಳಿದಳು. "ಒರೆಸದಿದ್ರೆ ವಾಸನೆ ಬರುತ್ತೆ."

ಹೆಂಗಸು ಅವಳನ್ನು ಒಂದು ಥರ ನೋಡಿ ಸ್ವಲ್ಪ ಆಚೆ ಸರಿದು ಕೂತಳು. ಸರಿದಾಗ ಟಾರ್ಚಕ್ಕನಿಗೆ ಪರದೆಯ ಮೇಲಿನ ಮುಖ ಯಾರದೆಂದು ಹೊಳೆಯಿತು. ಜನ ಅಳುತ್ತಿದ್ದುದು ಕುಡುಕನನ್ನು ನೋಡಿ ಮಾತ್ರವಲ್ಲ, ಹೀಗೆ ಒರೆಸುವವಳನ್ನು ನೋಡಿ. ತನಗೆ ಈಗಲಾದರೂ ಅಳು ಬರಬೇಕಿತ್ತು. ಅವಳು ಕಾದಳು. ಕಣ್ಣಿನೊಳಗೆ ಮರಳಿದ್ದ ಹಾಗಾಯಿತು, ಅಷ್ಟೇ. ಬೆಂಚು ಬಂತು, ಬಸ್ಸು ಬಂತು, ಕೈ ಎದ್ದಿತು, ಪರದೆ ಕಪ್ಪಾಯಿತು. ಕ್ಯಾಂಟೀನಿನವನು, ತಡೆದು ಹಾಕು ಎಂದು ಹೇಳಿಕೊಟ್ಟಿದ್ದನ್ನು ಮರೆತು, ಟಪ್ಪೆಂದು ದೀಪ ಹಾಕಿಬಿಟ್ಟ. ಅಷ್ಟೂ ಜನರ ನಡುವೆ ಒಣ ಮುಖ ಅವಳದೊಂದೇ.

ಸಂಜೆಯ ಆಟಕ್ಕೆ ಇನ್ನೂ ಹೊತ್ತಿತ್ತು. ಮನೆಗೆ ಬಂದು ಹೋಗೋಣವೆಂದು ಹೋದಳು. ತಮ್ಮ ಅಡುಗೆ ಕಟ್ಟೆಯ ಕೆಳಗೆ ಕಾಲು ಚಾಚಿ ಕೂತಿದ್ದ. ಸ್ವಲ್ಪ ಹಾಕಿದ್ದ, ಬಹಳವಲ್ಲ.

"ಆಮೇಲೆ ಏನಾಯ್ತು ಅವನಿಗೆ?" ಎಂದು ಕೇಳಿದ.

"ಯಾರಿಗೆ?"

"ಅದೇ, ನಿನ್ನ ಸಿನಿಮಾದೋನಿಗೆ."

ಟಾರ್ಚಕ್ಕ ಅವನೆದುರು ನೆಲದ ಮೇಲೆ ಕೂತಳು. "ಹೇಳ್ತೀನಿ. ಮೊದಲು ನೀನೊಂದು ಹೇಳು. ಮೊದಲನೇ ಗ್ಲಾಸು ಹೇಗಿರುತ್ತೋ?"

ಇಷ್ಟು ವರ್ಷದಲ್ಲಿ ಯಾವಾಗ ಬಿಡುತ್ತೀಯ ಎಂದು ಕೇಳಿದ್ದಳು, ಯಾಕೆ ಕುಡಿಯುತ್ತೀಯ ಎಂದು ಕಿರುಚಿದ್ದಳು. ಇದನ್ನು ಕೇಳಿರಲಿಲ್ಲ. ತಮಾಷೆಯೋ ಏನೋ ಎಂದು ಅವನು ಅವಳ ಮುಖ ನೋಡಿದ. ತಮಾಷೆಯಾಗಿರಲಿಲ್ಲ.

"ಚಳೀಲಿ ಮಲಗಿದಾಗ ಯಾರೋ ಬಂದು ಹೊದಿಸಿದ ಹಾಗೆ" ಅಂದ. "ಎರಡನೇದು, ಆ ಹೊದಿಕೆ ಜಾರದೇ ಇರ್ಲಿ ಅಂತ. ಆಮೇಲಿಂದು ಎಲ್ಲಾನೂ ಜಾರದೇ ಇರ್ಲಿ ಅಂತಾನೇ. ಹೊದಿಕೆ ಯಾವತ್ತೋ ಹೋಗಿಬಿಟ್ಟಿರುತ್ತೆ. ಸರಿ, ಈಗ ನೀನು ಹೇಳು."

ಅವಳು ಹೇಳಿದಳು. ಕೊನೆ ಹೇಳುವುದು ಅವಳಿಗೆ ರೂಢಿ. ಬೆಂಚು, ಬಸ್ಸು, ಕಿಟಕಿಯಲ್ಲಿ ಮಗಳು. ಎತ್ತಿದ ಕೈ ಬೀಸಿತೋ ನಡುಗಿತೋ ಗೊತ್ತಾಗದ್ದು. ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಅವನು ತನ್ನ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಆ ಹುಡುಗಿ ತಿರುಗಿ ನೋಡಿದ್ಲಾ?"

"ತೋರ್ಸಿಲ್ಲ. ಅಲ್ಲಿಗೆ ಮುಗೀತು."

"ನೋಡಿದ್ಲು ಅಂತ ಸುಳ್ಳಾದ್ರೂ ಹೇಳ್ಬಾರ್ದಾ?"

"ನಾನು ಜನ್ಮದಲ್ಲಿ ಸರಿಯಾಗಿ ನೋಡಿರೋದು ಕೊನೆ ಒಂದೇ ಕಣೋ. ಅದರಲ್ಲೂ ಸುಳ್ಳು ಹೇಳಿದ್ರೆ ಇನ್ನೇನು ಉಳೀತು?"

ಅವನು ಮೂಗಿನಲ್ಲೇ ನಕ್ಕ. ಮತ್ತೆ, "ಎಲ್ಲರೂ ಅಳ್ತಾರಂತಲ್ಲ" ಅಂದ.

"ಅಳ್ತಾರೆ."

"ನಿಂಗೆ ಬಂತಾ ಅಳು?"

"ಇಲ್ಲ."

"ಒಂದು ಹನಿನೂ?"

"ಬರಲಿ ಅಂತ ಕೂತಿದ್ದೆ. ಬರಲಿಲ್ಲ."

ಅವನು ಅವಳ ಮುಖವನ್ನು ನೋಡಿದ. ಹರಿದ ಸೀಟು ಕೈಗೆ ಬಂದಾಗ ಎಲ್ಲಿಂದ ಬಿಚ್ಚಬೇಕೆಂದು ನೋಡುತ್ತಿದ್ದ ಹಾಗೆ, ಅಷ್ಟು ಹತ್ತಿರದಿಂದ. ಆಮೇಲೆ ಹೇಳಿದ, "ಅಮ್ಮ ಹೋದಾಗ ನನ್ನನ್ನ ಎತ್ಕೊಂಡು ಅತ್ತಿದ್ದೆ ನೀನು. ನನ್ನ ಕುತ್ತಿಗೆಯೆಲ್ಲ ನೆಂದು ಹೋಗಿತ್ತು. ಅದೊಂದೇ ನಂಗೆ ಆಗಿಂದು ನೆನಪಿರೋದು. ಯಾವಾಗ ನಿಂತು ಹೋಯ್ತೇ ಅಕ್ಕ ಅದು?"

"ಗೊತ್ತಿಲ್ಲ. ಗುರುತಿಟ್ಕೊಂಡಿಲ್ಲ."

ಸೋಮವಾರದ ಮಾತನ್ನು ಅವಳು ಎತ್ತಲಿಲ್ಲ. ಎದ್ದು ಮುಖ ತೊಳೆದುಕೊಂಡು ಆಟಕ್ಕೆ ಹೊರಟಳು. ಶುಕ್ರವಾರ ಆ ಬೆಂಚಿನ ಚಿತ್ರ ಕಿತ್ತು ಗೋಡೆಗೆ ಬೇರೆ ಚಿತ್ರ ಅಂಟಿಸಿದರು. ಶನಿವಾರ ಅವನು ಕುಡಿದು ಬಂದ, ಅವಳು ಒಳಗೆಳೆದಳು. ಭಾನುವಾರವೂ ಅಷ್ಟೆ. ಎಳೆಯುವಾಗ ಅವನು ಕಣ್ಣು ಬಿಟ್ಟು ಅವಳ ಮುಖ ನೋಡುತ್ತಿದ್ದ, ಅದೊಂದು ಹೊಸದು.

ಸೋಮವಾರ ಬೆಳಿಗ್ಗೆ ಅವಳು ಟೀ ಸೋಸಿ ತಿರುಗಿದರೆ ಅವನು ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ. ಗಡ್ಡ ಕೆರೆದುಕೊಂಡಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು.

"ಆ ಹಾಸಿಗೆ ಇದೆಯೋ, ಯಾರಾದ್ರೂ ಹೊಡ್ಕೊಂಡ್ರೋ?"

"ಇದೆ."

"ಬಾ ಮತ್ತೆ. ಬಾಟಲಿ ಅಂಗಡಿ ಕಡೆ ನೀನು ನಡಿ."

ವಾರ್ಡಿನ ನರ್ಸಮ್ಮ ಅವನನ್ನೇ ಕೇಳಿದರು. "ಯಾರು ಕರ್ಕೊಂಡು ಬಂದ್ರು?"

"ನಾನೇ ಬಂದೆ. ಇವಳು ಜೊತೆಗೆ ಬಂದ್ಲು."

"ಇರ್ತೀರಾ?"

ನರ್ಸಮ್ಮನ ಮೇಜಿನ ಪಕ್ಕದ ಬೆಂಚಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಅವನು ಅದನ್ನು ಬೆರಳಿನಿಂದ ಒಳಗೆ ತುರುಕಿದ. "ಇರ್ತೀನಿ" ಅಂದ.

ಟಾರ್ಚಕ್ಕ ಒಬ್ಬಳೇ ಮನೆಗೆ ಬಂದಳು. ಸಂತೋಷವಾಗಬೇಕಿತ್ತು. ನೆಲ ಒರೆಸಲು ಬಟ್ಟೆ ತೆಗೆದವಳು, ಒರೆಸುವಂಥದ್ದೇನೂ ಇಲ್ಲದ್ದು ನೋಡಿ ಸುಮ್ಮನೆ ಕೂತಳು.

ನೋಡಲು ಬಿಡುವ ದಿನ ಬಂತು. ಅವನು ಇರಲಿಕ್ಕಿಲ್ಲವೆಂದೇ ಅವಳು ಹೋದದ್ದು. ಇದ್ದ. ಬಹಳ ಬಡವಾಗಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು, ಮೊದಲ ದಿನಗಳು ನರಕವೇ ಸರಿ ಎಂದ. ಮತ್ತೆ ತಾನೇ ಹೇಳಿದ:

"ಇಲ್ಲೂ ಸಿನಿಮಾ ಉಂಟು ಅಕ್ಕ. ಸಂಜೆ ಟಿವಿಯಲ್ಲಿ ಕುಡಿತ ಬಿಡಿ ಅಂತ ಹಾಕ್ತಾರೆ. ಅದರಲ್ಲೂ ಮೊದಲು ಗ್ಲಾಸು ಬರುತ್ತೆ. ಬಂದ ಕೂಡ್ಲೇ ನಾವಷ್ಟೂ ಜನ ಗೋಡೆ ಕಡೆ ತಿರುಗಿ ಕೂತ್ಕೋತೀವಿ, ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗೆ. ಅದರಲ್ಲಿ ಕುಡಿಯೋನು ಸತ್ತ ಮೇಲೆ ನಮ್ಮಲ್ಲೊಬ್ಬ ಕೂಗ್ತಾನೆ, ಸತ್ತ ಕಣ್ರಪ್ಪೋ, ತಿರುಗಿ ಅಂತ. ತಿರುಗ್ತೀವಿ."

ಟಾರ್ಚಕ್ಕನಿಗೆ ನಗು ಬಂದ ಹಾಗಾಯಿತು. ಬಂತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

"ನಾಳೆ ಇರ್ತೀನೋ ಇಲ್ವೋ, ಗೊತ್ತಿಲ್ಲ" ಅಂದ ತಮ್ಮ.

"ನಾಳೇದು ನಾನು ಕೇಳಿಲ್ಲ."

"ಮುಂದಿನ ಸಲ ಬರೋವಾಗ ಡೊಂಕು ಸೂಜಿ ತಂದ್ಕೊಡು. ನೀಲಿ ದಾರಾನೂ. ಆ ಬೆಂಚು ನೋಡೋಕಾಗ್ತಿಲ್ಲ ನಂಗೆ. ನರ್ಸಮ್ಮ ತಮ್ಮೆದುರಿಗೇ ಕೂತು ಹೊಲೀಬೇಕು ಅಂದಿದಾರೆ."

ಅವಳು ತಲೆಯಾಡಿಸಿ ಎದ್ದಳು. ಮ್ಯಾಟಿನಿಗೆ ಹೊತ್ತಾಗಿತ್ತು. ಮಂದಿರದಲ್ಲಿ ಹೊಸ ಸಿನಿಮಾ, ಜನ ಗಿಜಿಗುಟ್ಟುತ್ತಿದ್ದರು, ಕ್ಯಾಂಟೀನಿನವನ ಒಲೆಗೆ ಪುರುಸೊತ್ತಿರಲಿಲ್ಲ. ಅವಳು ಟಿಕೆಟ್ ಹರಿದಳು, ಟಾರ್ಚ್ ಬಿಟ್ಟಳು, ಬಾಗಿಲೆಳೆದಳು. ಆದರೆ ಹೊರಗೆ ಹೋಗಲಿಲ್ಲ. ಪರದೆಯ ಮರೆಯಲ್ಲಿ ನಿಂತೇ ಇದ್ದಳು. ಯಾರೋ ಒಬ್ಬ ಸೈಕಲ್ಲಿನಿಂದ ಬಿದ್ದ, ಜನ ನಕ್ಕರು.

ಇಂಟರ್‌ವಲ್ಲಿನಲ್ಲಿ ಆಪರೇಟರು ಕೆಳಗಿಳಿದು ಬಂದ. "ಏನ್ ಟಾರ್ಚಕ್ಕ, ಈಗ ಮೊದಲಿಂದ ನೋಡೋಕೆ ಶುರು ಮಾಡಿದೀಯಂತೆ? ಡ್ರಮ್ಮು ಖಾಲಿ ಅಂತ ಮ್ಯಾನೇಜರು ಕೂಗಾಡ್ತಿದಾರೆ."

"ತುಂಬಿಸ್ತೀನಿ" ಅಂದಳು ಅವಳು. "ಮೊದಲು ಒಂದಿಷ್ಟು ನೋಡಿರ್ಬೇಕು ಅಣ್ಣ. ಕೊನೇಲಿ ಯಾರಾದ್ರೂ ಸತ್ರೆ, ಸತ್ತೋರು ಯಾರು ಅಂತಾದ್ರೂ ಗೊತ್ತಿರ್ಬೇಕಲ್ಲ."

ಕೊಡ ತೆಗೆದುಕೊಂಡು ನಲ್ಲಿಯ ಕಡೆ ನಡೆದಳು.